ಟೆರನ್ಸ್ ಹೆತ್ತಳು, ಎಣಿಸಿಕೊಳ್ಳಿ!

ಕಡಲಿನ ಗಾಳಿಯೂ ಬೀಸದ ಅಮೆರಿಕದ ಒಕ್ಲಹೋಮಾದಲ್ಲಿ ಒಂದು ಮನೆ. ಒಂಬತ್ತು ವರ್ಷದ ಮಗನ ಹಠಕ್ಕೆ ಸೋತ ಅಪ್ಪ ಆಕ್ಟೋಪಸ್ ಒಂದನ್ನು ತಂದು ಅಕ್ವೇರಿಯಂಗೆ ಬಿಟ್ಟರು. ಗಂಡೆಂದು ನಂಬಿ ‘ಟೆರನ್ಸ್’ ಎಂದು ಹೆಸರಿಟ್ಟರು. 2024ರಲ್ಲಿ ನೋಡಿದರೆ ಟೆರನ್ಸ್ 50 ಮಕ್ಕಳ ತಾಯಿ! 50 ಮರಿಗಳೆಂದರೆ 400 ತೋಳು. ತಲೆಗೆ ಮೂರರಂತೆ 150 ಹೃದಯ, ಅದೂ ಬಟಾಣಿಯಷ್ಟು ಮೈಗಳಲ್ಲಿ. ಬೆಳೆದ ಆಕ್ಟೋಪಸ್‌ಗೆ ಸುಮಾರು 50 ಕೋಟಿ ನರಕೋಶಗಳು. ಅಂದರೆ ಇಂಥ ಮೂರೂವರೆ ಸಂಸಾರ ಬೆಳೆದು ನಿಂತರೆ ನರಕೋಶದ ಲೆಕ್ಕದಲ್ಲಿ ಒಬ್ಬ ಮನುಷ್ಯನ ಮಿದುಳಿಗೆ ಸಮ!

ಐವತ್ತಕ್ಕೇ ಬೆರಗಾದಿರಾ? ಪೆಸಿಫಿಕ್ ಸಾಗರದ ದೈತ್ಯ ಆಕ್ಟೋಪಸ್ ಒಂದೇ ಬಾರಿಗೆ 1,00,000 ಮೊಟ್ಟೆಗಳವರೆಗೆ ಇಡಬಲ್ಲದು. ಸೆಕೆಂಡಿಗೊಂದರಂತೆ ಹೆಸರಿಡುತ್ತ ಹೋದರೆ ಟೆರನ್ಸ್‌ಳ ಮಕ್ಕಳ ನಾಮಕರಣ ಒಂದು ನಿಮಿಷದೊಳಗೆ ಮುಗಿಯುತ್ತದೆ. ಈ ದೈತ್ಯ ತಾಯಿಯ ಮಕ್ಕಳಿಗೆ ಊಟ, ನಿದ್ದೆ ಬಿಟ್ಟು ಕೂತರೂ 27 ಗಂಟೆ ಸಾಲದು! ಬೆಳೆದ ಹೆಣ್ಣಿನ ತೋಳುಗಳಲ್ಲಿ ಸುಮಾರು 2,240 ಹೀರುಬಟ್ಟಲುಗಳಿರುತ್ತವೆ. ಆ ಲಕ್ಷವೂ ಹೆಣ್ಣಾಗಿ ಬೆಳೆದವೆನ್ನಿ, ಒಟ್ಟು 22 ಕೋಟಿ 40 ಲಕ್ಷ. ಸೆಕೆಂಡಿಗೊಂದರಂತೆ ಎಣಿಸಲು ಏಳು ವರ್ಷ ಬೇಕು. ಇಂದು ಹುಟ್ಟಿದ ಕೂಸು ಶಾಲೆ ಸೇರಿದರೂ ನಿಮ್ಮ ಎಣಿಕೆ ಮುಗಿದಿರುವುದಿಲ್ಲ.

ಈ ದೈತ್ಯ ಆಕ್ಟೋಪಸ್‌ನ ಬೆಳವಣಿಗೆಯಂತೂ ಹುಚ್ಚುತನ. ಮೊಟ್ಟೆಯೊಡೆದಾಗ ಮರಿ ಅಕ್ಕಿಕಾಳಿನಷ್ಟು, ತೂಕ ಸುಮಾರು 0.03 ಗ್ರಾಂ. ಮೂರ್ನಾಲ್ಕು ವರ್ಷಗಳಲ್ಲಿ ಅದೇ ಮರಿ 15 ಕಿಲೋ ತೂಗುತ್ತದೆ. ಐದು ಲಕ್ಷ ಪಟ್ಟು! ಮೂರು ಕಿಲೋ ತೂಕದ ನಮ್ಮ ಮಗು ಇದೇ ಲೆಕ್ಕದಲ್ಲಿ ಬೆಳೆದರೆ 1,500 ಟನ್ ಆಗುತ್ತದೆ. ಐದು ಟನ್ನಿನ ಆನೆಗಳನ್ನು ಸಾಲಾಗಿ ತಂದು ನಿಲ್ಲಿಸಿ: ಒಂದು ಮಗುವನ್ನು ತೂಗಲು ತಕ್ಕಡಿಯ ಇನ್ನೊಂದು ತಟ್ಟೆಯಲ್ಲಿ 300 ಆನೆ ಬೇಕು.

ಇಷ್ಟಾದರೂ ಮೊಟ್ಟೆ ಕಾಯುವ ದಾಖಲೆ ಆ ದೈತ್ಯನದ್ದಲ್ಲ. 2007ರಲ್ಲಿ ಕ್ಯಾಲಿಫೋರ್ನಿಯಾದ ಮಾಂಟೆರೆ ಬಳಿ, 1,400 ಮೀಟರ್ ಆಳದ ಕಗ್ಗತ್ತಲಲ್ಲಿ, ಬಂಡೆಯೊಂದರ ಮೇಲೆ ಒಂದು ತಾಯಿ ಆಕ್ಟೋಪಸ್ ಮೊಟ್ಟೆಗಳನ್ನು ಅಪ್ಪಿ ಕೂತಿದ್ದನ್ನು ವಿಜ್ಞಾನಿಗಳು ಕಂಡರು. ಮತ್ತೆ ಹೋದರು, ಅಲ್ಲೇ ಕೂತಿದ್ದಳು. 2008, 2009, 2010 ಕಳೆದವು, ಕದಲಲಿಲ್ಲ. ಅವಳು ಏನಾದರೂ ತಿಂದದ್ದನ್ನು ಒಮ್ಮೆಯೂ ಯಾರೂ ಕಾಣಲಿಲ್ಲ. 2011ರಲ್ಲಿ ಬಂಡೆ ಬರಿದಾದಾಗ ಕಾವಲಿನ ಲೆಕ್ಕ 53 ತಿಂಗಳು! ಆನೆಯ ಗರ್ಭಕ್ಕೆ ಬೇಕಾದದ್ದು 22 ತಿಂಗಳು. ಒಂದಾದ ಮೇಲೊಂದರಂತೆ ಎರಡು ಮರಿಯಾನೆಗಳ ಗರ್ಭ ಕಳೆದು, ಉಳಿದ ಒಂಬತ್ತು ತಿಂಗಳಲ್ಲಿ ಒಂದು ಮನುಷ್ಯಶಿಶುವೂ ಹುಟ್ಟಬಹುದಾದಷ್ಟು ಕಾಲ ಅವಳು ಒಂದೇ ಜಾಗದಲ್ಲಿದ್ದಳು.

ಟೆರನ್ಸ್‌ಳ ಜಾತಿಯ ಆಯುಸ್ಸು ಒಂದೆರಡು ವರ್ಷ ಅಷ್ಟೆ. ಅತ್ತ ಕಡಲಾಳದಲ್ಲಿ ಒಂದು ಕಾವು ಮುಗಿಯುವುದರೊಳಗೆ, ಇತ್ತ ಗಾಜಿನ ತೊಟ್ಟಿಯಲ್ಲಿ ಅಜ್ಜಿ, ತಾಯಿ, ಮಗಳು, ಮೂವರ ಜನ್ಮವೂ ಮುಗಿದಿರಬಹುದಿತ್ತು!