ಆದೀತೇ, ಬಾಳೀತೇ, ಗಿಟ್ಟೀತೇ?

1799ರ ಮೇ 3ರ ಸಂಜೆಯ ಹೊತ್ತಿಗೆ ಬ್ರಿಟಿಷ್ ತೋಪುಗಳ ಹೊಡೆತಕ್ಕೆ ಶ್ರೀರಂಗಪಟ್ಟಣದ ಕೋಟೆಗೋಡೆಯಲ್ಲಿ ಕಂಡಿ ಬಿದ್ದಿತ್ತು. ಅದು 'ಪ್ರಾಕ್ಟಿಕಬಲ್' ಆಗಿದೆ ಎಂದು ಮುತ್ತಿಗೆ ಹಾಕಿದವರು ತೀರ್ಮಾನಿಸಿದರು. ಆ ಕಾಲದ ಸೈನಿಕ ಭಾಷೆಯಲ್ಲಿ ಈ ಪದಕ್ಕೆ ಖಚಿತ ಅರ್ಥವಿತ್ತು: ಕುಸಿದ ಕಲ್ಲುಮಣ್ಣು ಇಳಿಜಾರಾಗಿ ಬಿದ್ದಿದೆ, ಸಿಪಾಯಿಗಳು ಹತ್ತಿ ಒಳನುಗ್ಗಬಹುದು. ಮರುದಿನ ಮಧ್ಯಾಹ್ನ ಸುಮಾರು ಒಂದು ಗಂಟೆಗೆ ಡೇವಿಡ್ ಬೇರ್ಡ್‌ನ ಪಡೆ ಕಾವೇರಿಯನ್ನು ಹಾಯ್ದು ಲಗ್ಗೆ ಹಾಕಿತು. ಟಿಪ್ಪು ಸುಲ್ತಾನ್ ಮಡಿದದ್ದು ಅಂದೇ.

ಇಂಗ್ಲಿಷಿನ ಪರ್ಯಾಯಪದ ಕೋಶಗಳಲ್ಲಿ 'ಫೀಸಿಬಿಲಿಟಿ'ಯ ಪಕ್ಕದಲ್ಲೇ ಪ್ರಾಕ್ಟಿಕಬಿಲಿಟಿ, ವಯಬಿಲಿಟಿ, ವರ್ಕಬಿಲಿಟಿಗಳು ಸಾಲಾಗಿ ಕೂತಿರುತ್ತವೆ. ಮೇಲುನೋಟಕ್ಕೆ ಎಲ್ಲವೂ ಒಂದೇ. ಆದರೆ ಅವು ಬೆಳೆದದ್ದು ಬೇರೆ ಬೇರೆ ಕಸುಬುಗಳ ಅಂಗಳದಲ್ಲಿ. ಕೇಳುವ ಪ್ರಶ್ನೆಗಳೂ ಬೇರೆ.

'ಫೀಸಿಬಲ್' ಬಂದದ್ದು ಫ್ರೆಂಚಿನಿಂದ. 'ಮಾಡು' ಎಂಬ ಅರ್ಥದ ಲ್ಯಾಟಿನ್ ಕ್ರಿಯಾಪದ ಅದರ ಮೂಲ. ಫ್ಯಾಕ್ಟರಿ, ಫ್ಯಾಕ್ಟ್, ಫ್ಯಾಷನ್ ಕೂಡ ಅದೇ ಬೇರಿನವು. 15ನೇ ಶತಮಾನದಲ್ಲಿ ಇಂಗ್ಲಿಷಿಗೆ ಸೇರಿದ ಈ ವಿಶೇಷಣದಿಂದ 17ನೇ ಶತಮಾನದಲ್ಲಿ 'ಫೀಸಿಬಿಲಿಟಿ' ಎಂಬ ನಾಮಪದ ಹುಟ್ಟಿತು. 'ಮಾಡಬಹುದಾದದ್ದು' ಎಂಬುದೇ ಇದರ ಅರ್ಥ, 'ಸಂಭವನೀಯ'ಕ್ಕೆ ಇದನ್ನು ಬಳಸಬಾರದು ಎಂದು 1926ರ ತಮ್ಮ ಪ್ರಸಿದ್ಧ ಬಳಕೆ ಕೋಶದಲ್ಲಿ ಎಚ್. ಡಬ್ಲ್ಯೂ. ಫೌಲರ್ ತಗಾದೆ ತೆಗೆದಿದ್ದರು. ಕೆರೆಯ ಹೂಳೆತ್ತುವುದು ಫೀಸಿಬಲ್ ಇರಬಹುದು. ನಾಳೆ ಮಳೆ ಬರುವುದು ಹಾಗಲ್ಲ.

ಪದಕ್ಕೆ ಕಡತದ ಯೋಗ ಕೂಡಿಬಂದದ್ದು 20ನೇ ಶತಮಾನದಲ್ಲಿ. ಹೊಸ ನೀರಾವರಿ ಯೋಜನೆಗಳಿಗೆ ಎಂಜಿನಿಯರಿಂಗ್ ದೃಷ್ಟಿಯ ಫೀಸಿಬಿಲಿಟಿ, ತಗಲುವ ವೆಚ್ಚ, ನೀರು ಬಳಸುವವರು ಮರುಪಾವತಿ ಮಾಡಬಲ್ಲ ಮೊತ್ತ ಇವನ್ನೆಲ್ಲ ಮೊದಲೇ ತೋರಿಸಬೇಕೆಂದು ಅಮೆರಿಕದ 1939ರ ಕಾನೂನು ವಿಧಿಸಿತು. ವಿಶ್ವಸಂಸ್ಥೆಯ ಕೈಗಾರಿಕಾ ಅಭಿವೃದ್ಧಿ ಸಂಸ್ಥೆ 1978ರಲ್ಲಿ ಇಂಥ ಅಧ್ಯಯನಗಳಿಗೆಂದೇ ಕೈಪಿಡಿ ಹೊರತಂದಿತು. ನಮ್ಮ ಕಚೇರಿಗಳಲ್ಲಂತೂ ಪ್ರೀ-ಫೀಸಿಬಿಲಿಟಿ, ಫೀಸಿಬಿಲಿಟಿ, ಡಿಪಿಆರ್ (ವಿಸ್ತೃತ ಯೋಜನಾ ವರದಿ) ಎಂಬ ಮೂರು ಮೆಟ್ಟಿಲುಗಳು ಗುತ್ತಿಗೆದಾರರಿಗೂ ಬಾಯಿಪಾಠ.

'ವಯಬಲ್' ಹುಟ್ಟಿದ್ದು ಹೆರಿಗೆ ಕೋಣೆಯಲ್ಲಿ! ಫ್ರೆಂಚಿನಲ್ಲಿ 'ವೀ' ಎಂದರೆ ಜೀವ. 19ನೇ ಶತಮಾನದ ಮೊದಲರ್ಧದಲ್ಲಿ ಇಂಗ್ಲಿಷ್ ವೈದ್ಯರು ಇದನ್ನು ಬಳಸಿದ್ದು, ಹುಟ್ಟಿದ ಕೂಸು ಬದುಕಿ ಉಳಿಯಬಲ್ಲದು ಎಂದು ಹೇಳಲು. ಆಮೇಲೆ ಅಂಗಡಿ, ಕಂಪನಿ, ಬಸ್ ಮಾರ್ಗಗಳಿಗೂ ಅದು ಅನ್ವಯವಾಯಿತು.

ಮಾಡಬಹುದಾದದ್ದೆಲ್ಲ ಬಾಳಲಾರದು ಎಂಬುದಕ್ಕೆ ಕಾಂಕಾರ್ಡ್ ವಿಮಾನವೇ ಸಾಕ್ಷಿ. ಶಬ್ದವನ್ನೂ ಮೀರಿಸಿದ ವೇಗದ ಈ ಪ್ರಯಾಣಿಕ ವಿಮಾನ 1969ರಲ್ಲಿ ಮೊದಲು ಹಾರಿತು, 1976ರಿಂದ ಟಿಕೆಟ್ ಕೊಂಡವರನ್ನು ಹೊತ್ತಿತು. ಲಂಡನ್‌ನಿಂದ ನ್ಯೂಯಾರ್ಕ್‌ಗೆ ಸುಮಾರು ಮೂರೂವರೆ ಗಂಟೆ. ಎಂಜಿನಿಯರುಗಳ ಲೆಕ್ಕ ತಪ್ಪಿರಲಿಲ್ಲ. ಆದರೆ ಇಂಧನದ ಖರ್ಚು ವಿಪರೀತ, ಸದ್ದಿಗೆ ಊರೂರಲ್ಲಿ ವಿರೋಧ. ತಯಾರಾದದ್ದು 20 ವಿಮಾನಗಳು. ಪ್ರಯಾಣಿಕರ ಸೇವೆಗೆ ಇಳಿದದ್ದು 14. 2003ರಲ್ಲಿ ಅವುಗಳ ಹಾರಾಟವೇ ನಿಂತಿತು.

'ವರ್ಕಬಿಲಿಟಿ' ಎಂಬುದನ್ನು ಕಟ್ಟಡ ಕಟ್ಟುವವರು ಅಳತೆಗೇ ಒಗ್ಗಿಸಿದ್ದಾರೆ. 300 ಮಿ.ಮೀ. ಎತ್ತರದ ಕೋನ್‌ನಲ್ಲಿ ಹಸಿ ಕಾಂಕ್ರೀಟ್ ತುಂಬಿ, ಸರಳಿನಿಂದ ಕುಟ್ಟಿ, ಕೋನ್ ಮೇಲೆತ್ತುತ್ತಾರೆ. ರಾಶಿ ಎಷ್ಟು ಕುಸಿಯಿತೋ ಅದೇ 'ಸ್ಲಂಪ್'. ಕುಸಿತ ತೀರಾ ಕಡಿಮೆಯಾದರೆ ಕಂಬಿಗಳ ಸಂದಿಗೆ ಕಾಂಕ್ರೀಟ್ ಇಳಿಯುವುದಿಲ್ಲ. ಸುಲಭವಾಗಲೆಂದು ನೀರು ಸುರಿದರೆ ಬಲ ಕುಂದುತ್ತದೆ.

ಕನ್ನಡ ಪತ್ರಿಕೆಗಳು ಫೀಸಿಬಿಲಿಟಿಗೆ 'ಕಾರ್ಯಸಾಧ್ಯತೆ', 'ಸಾಧ್ಯಾಸಾಧ್ಯತೆ' ಎನ್ನುತ್ತವೆ. ಆಡುಮಾತು ಇನ್ನೂ ಚುರುಕು. "ಈ ರೇಟಿಗೆ ಕೂಲಿಯೂ ಗಿಟ್ಟಲ್ಲ" ಎಂದು ಟೊಮೆಟೊ ಬೆಳೆಗಾರ ಹೇಳಿದರೆ ಅದು ವಯಬಿಲಿಟಿಯ ತೀರ್ಪು. "ನಮ್ಮ ಕೈಲಿ ನೀಗಲ್ಲ" ಎಂದರೆ ಫೀಸಿಬಿಲಿಟಿಯದು. ನಗರದ ಹುಡುಗರ "ವರ್ಕೌಟ್ ಆಗಲ್ಲ ಗುರು" ಎರಡನ್ನೂ ಒಟ್ಟಿಗೆ ಮುಗಿಸಿಬಿಡುತ್ತದೆ.

ಈ ಪದಗಳ ಆಚೆಗೂ ಪ್ರಶ್ನೆಗಳು ಉಳಿಯುತ್ತವೆ. 2019ರಲ್ಲಿ ಶರಾವತಿಯ ನೀರನ್ನು ಲಿಂಗನಮಕ್ಕಿ ಜಲಾಶಯದಿಂದ ಬೆಂಗಳೂರಿಗೆ ತರುವ ಪ್ರಸ್ತಾವ ಸುದ್ದಿಯಾದಾಗ ಮಲೆನಾಡು ಬೀದಿಗಿಳಿಯಿತು. ಜುಲೈನಲ್ಲಿ ಶಿವಮೊಗ್ಗ ಜಿಲ್ಲೆ ಬಂದ್ ಆಚರಿಸಿತು. ಪಂಪು, ಪೈಪುಗಳ ಶಕ್ತಿಗಿಂತ ಪ್ರತಿಭಟನಕಾರರನ್ನು ಕಾಡಿದ್ದು ನದಿ ಮತ್ತು ಕಾಡಿನ ಗತಿ. ಅದೇ ಜಲಾಶಯಕ್ಕಾಗಿ 1960ರ ದಶಕದಲ್ಲೇ ಮನೆ, ಗದ್ದೆ ಬಿಟ್ಟು ಎದ್ದುಹೋದ ಕುಟುಂಬಗಳ ನಾಡು ಈ ಜಿಲ್ಲೆ.