ಡ್ರಮ್ ಬಾರಿಸುವ ಮುನ್ನ ಕಿವಿ ಜೋಪಾನ

ಮೊಟ್ಟೆಯನ್ನು ಅಡ್ಡ ಮಲಗಿಸಿದಂಥ ಬೇಸ್ ಡ್ರಮ್! 1960ರ ದಶಕದ ಜರ್ಮನಿಯ ಟ್ರಿಕ್ಸನ್ ‘ಸ್ಪೀಡ್‌ಫೈರ್’ ಡ್ರಮ್ ಸೆಟ್‌ನ ವೈಶಿಷ್ಟ್ಯವಿದು. ಇಂಥ ಹಳೆಯ ವಾದ್ಯವನ್ನು ದುರಸ್ತಿ ಮಾಡಿ ಬಾರಿಸುವುದು ಒಳ್ಳೆಯ ಹವ್ಯಾಸವೇ. ಆದರೆ ಆರೋಗ್ಯದ ಕಡೆಗೂ ಗಮನವಿರಲಿ.

ಹಳೆಯ ಬಣ್ಣದಲ್ಲಿ ಸೀಸ ಇರಬಹುದು. ಒಣ ಕಾಗದದಿಂದ ಉಜ್ಜಿದರೆ ದೂಳು ದೇಹ ಸೇರುತ್ತದೆ. ಮಕ್ಕಳ ಮಿದುಳಿಗಂತೂ ಅದು ವಿಷ. ನೀರು ಹಚ್ಚಿ ಉಜ್ಜಿ, ದೂಳು ತಡೆಯುವ ಮಾಸ್ಕ್ ಧರಿಸಿ, ಮಕ್ಕಳನ್ನು ದೂರವಿಡಿ.

ಡ್ರಮ್ ಸದ್ದು ಸುಲಭವಾಗಿ 100 ಡೆಸಿಬಲ್ ಮುಟ್ಟುತ್ತದೆ. ರಕ್ಷಣೆಯಿಲ್ಲದ ಕಿವಿಗೆ ಈ ಸದ್ದು ದಿನಕ್ಕೆ 15 ನಿಮಿಷ ಮೀರಬಾರದು. ಒಳಕಿವಿಯ ರೋಮಕೋಶಗಳು ಒಮ್ಮೆ ಸತ್ತರೆ ಮತ್ತೆ ಹುಟ್ಟುವುದಿಲ್ಲ. ಹತ್ತಿ ತುರುಕಿದರೆ ಸಾಲದು. ಇಯರ್‌ಪ್ಲಗ್ ಬಳಸಿ, ನಡುನಡುವೆ ವಿರಾಮ ಕೊಡಿ. ಬಾರಿಸಿದ ಮರುದಿನವೂ ಕಿವಿಯಲ್ಲಿ ‘ಗುಂಯ್’ ಸದ್ದು ನಿಲ್ಲದಿದ್ದರೆ ತಡಮಾಡದೆ ಕಿವಿ ತಜ್ಞರನ್ನು ಕಾಣಿ.