ಬೇತಾಳಕಥೆಯೂ ಕೋಲಾರಸೀಮೆಯೂ

ಶ್ಮಶಾನದ ಶಿಂಶಪಾವೃಕ್ಷದಿಂದ ಹೆಣವನ್ನಿಳಿಸಿ ಹೊತ್ತು ನಡೆಯುವ ಅರಸನ ಕಥೆಯನ್ನು ಕನ್ನಡದ ಅನೇಕ ಮಕ್ಕಳು 1949ರಲ್ಲಿ ಆರಂಭವಾದ ‘ಚಂದಮಾಮ’ದಿಂದ ಅರಿತರು. ಬೇತಾಳಕಥೆಗಳು 11ನೆಯ ಶತಮಾನದ ಕಾಶ್ಮೀರದ ಕ್ಷೇಮೇಂದ್ರ ಸೋಮದೇವರ ಕೃತಿಗಳಲ್ಲಿವೆ. ಗುಣಾಢ್ಯನ ಪೈಶಾಚೀ ಬೃಹತ್ಕಥೆಯೇ ಅವರಿಬ್ಬರಿಗೂ ಆಧಾರವು.

ಆ ಬೃಹತ್ಕಥೆಗೂ ಕೋಲಾರಸೀಮೆಗೂ ಸಂಬಂಧವುಂಟು. ‘ವಡ್ಡಕಥೆ’ಯನ್ನು ಗಂಗರಾಜ ದುರ್ವಿನೀತನು ಸಂಸ್ಕೃತದಲ್ಲಿ ರಚಿಸಿದನೆಂದು ಶ್ರೀನಿವಾಸಪುರ ತಾಲ್ಲೂಕಿನ ಗುಮ್ಮರೆಡ್ಡಿಪುರದ ತಾಮ್ರಶಾಸನವು ಹೇಳುತ್ತದೆ. ಆತನ ವಂಶದವರು ಮುಂದೆ ‘ಕುವಳಾಲಪುರವರೇಶ್ವರ’ರೆನಿಸಿಕೊಂಡರು, ಕುವಳಾಲವೇ ಇಂದಿನ ಕೋಲಾರ. ಆದರೆ ಇಷ್ಟರಿಂದಲೇ ದುರ್ವಿನೀತನು ಬೇತಾಳಕಥೆಗಳನ್ನೂ ಬರೆದನೆಂದು ಸಾಧಿಸುವುದು ಯುಕ್ತವಲ್ಲ. ಆತನ ಗ್ರಂಥವು ದೊರೆತಿಲ್ಲ. ಬುಧಸ್ವಾಮಿಯ ಬೃಹತ್ಕಥಾಶ್ಲೋಕಸಂಗ್ರಹದ ಉಳಿದ ಭಾಗದಲ್ಲಿಯೂ ಇವು ಕಾಣವು. ಆದಕಾರಣ ಇವು ಮೂಲದಲ್ಲಿದ್ದುವೆಂಬುದೇ ಸಂದಿಗ್ಧ.

ಕಥೆಯ ಸತ್ತ್ವದಲ್ಲಿ ಸಂದೇಹವಿಲ್ಲ. ಉತ್ತರವನ್ನು ಬಲ್ಲ ಅರಸನು ಸುಮ್ಮನಿದ್ದರೆ ತಲೆ ಸಿಡಿಯುವುದು. ನುಡಿದರೆ ಹೆಣವು ಮತ್ತೆ ಮರವನ್ನೇರುವುದು. ಕಡೆಯ ಪ್ರಶ್ನೆಗೆ ಉತ್ತರ ತೋರದೆ ಅವನು ಮೌನವಾಗಿ ನಡೆಯಲು, ಬೇತಾಳನೇ ಮೆಚ್ಚಿ, ಹೆಣವನ್ನು ತರಿಸಿದ ಭಿಕ್ಷುವು ಅರಸನನ್ನೇ ಬಲಿಗೊಡಲಿರುವ ಸಂಚನ್ನು ತಿಳಿಸುತ್ತಾನೆ. ಪ್ರೇತವು ಹಿತವಾಗಿಯೂ ಭಿಕ್ಷುವೇಷವು ಘಾತುಕವಾಗಿಯೂ ಪರಿಣಮಿಸುತ್ತದೆ. ಬಾಲಕರಿಗೆ ಭಯಾನಕರಸದ ಕಥೆಯನ್ನು ಹೇಳುವವರು ಈ ವಿವೇಕವನ್ನು ಬಿಟ್ಟರೆ ಉಳಿಯುವುದು ಬರಿಯ ಅಂಜಿಕೆ.